ಬೀಗದಮ್ಮನ ಸೋಮವಾರ

ಚರ್ಚಿನ ಹಿಂದಿನ ಆ ಮನೆಗೆ ಎರಡು ಬಾಗಿಲು. ಮುಂದಿನದು ಚರ್ಚಿಗೆ ಬರುವ ಸಭೆಯವರಿಗೆ, ಹಿಂದಿನದು ಹಾಲಿನವನಿಗೆ. ಸೋಮವಾರ ಮಾತ್ರ ಹಿಂದಿನ ಬಾಗಿಲು ಅಯ್ಯನವರಿಗೂ ಬೇಕಾಗುತ್ತಿತ್ತು. ಅಯ್ಯನವರೆಂದರೆ ಆ ಚರ್ಚಿನ ಸಭಾಪಾಲಕರು. ಭಾನುವಾರ ಪ್ರಸಂಗ ಮಾಡುವುದು, ಮಿಕ್ಕ ದಿನ ಮದುವೆ, ಮರಣ, ಮುನಿಸು, ರಾಜಿ ಎಂದು ಮನೆಮನೆಗೆ ಓಡುವುದು ಅವರ ಕೆಲಸ. ಅವರ ಹೆಂಡತಿಯನ್ನು ಸಭೆಯವರು ಎದುರಿಗೆ ‘ಅಮ್ಮನವರು’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಬೀಗದಮ್ಮ’ ಎನ್ನುತ್ತಿದ್ದರು. ಅಯ್ಯನವರ ಗುಣಗಾನ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಅವರ ಕಥೆ ಅವರಿಗೇ ಇರಲಿ. ಇದು ಬೀಗದಮ್ಮನ ಕಥೆ.

ಆ ಹೆಸರು ಅಂಟಿದ್ದು ಸೋಮವಾರದಿಂದ. ಭಾನುವಾರವೆಲ್ಲ ಮಾತಾಡಿ ಗಂಟಲು ಕಟ್ಟಿಸಿಕೊಂಡು ಬರುವ ಮನುಷ್ಯನಿಗೆ ವಾರಕ್ಕೊಂದು ದಿನವಾದರೂ ವಿಶ್ರಾಂತಿ ಬೇಡವೇ? ಲೋಕ ಸೃಷ್ಟಿಸಿದ ದೇವರೇ ಒಂದು ದಿನ ಕೈಕಟ್ಟಿ ಕೂತ. ಆದರೆ ಸಭೆಯವರಿಗೆ ಅದು ತಿಳಿಯಬೇಕಲ್ಲ. ಮಗುವಿಗೆ ಜ್ವರ ಬರುವುದೂ ಸೋಮವಾರವೇ, ಅತ್ತೆ ಸೊಸೆ ಕಿತ್ತಾಡುವುದೂ ಸೋಮವಾರವೇ. ಹೀಗೇ ನಡೆದು ನಡೆದು ಒಮ್ಮೆ ಅಯ್ಯನವರು ಪ್ರಸಂಗದ ನಡುವೆಯೇ ತಲೆಸುತ್ತಿ ಕುಸಿದರು. ಡಾಕ್ಟರು ನಾಡಿ ಹಿಡಿದು ನೋಡಿ, “ಇವರಿಗೆ ಕಾಯಿಲೆ ಏನೂ ಇಲ್ಲ, ನಿದ್ದೆಯೂ ಇಲ್ಲ, ಅಷ್ಟೇ” ಎಂದರು. ಅಂದಿನಿಂದ ಸೋಮವಾರ ಮೌನದ ದಿನವಾಯಿತು.

ಬೆಳಗಿನ ತಿಂಡಿ ಮುಗಿದ ಮೇಲೆ ಅಯ್ಯನವರು ತಮ್ಮ ಫೋನನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಹೆಂಡತಿಯ ಕೈಗೆ ಕೊಡುತ್ತಿದ್ದರು. ಕೊಡೆ ಹಿಡಿದು ಹಿಂದಿನ ಬಾಗಿಲಿನಿಂದ ಹೊರಟರೆ ಬರುವುದು ಸಂಜೆಯೇ. ಪಕ್ಕದ ಊರಿನ ಗುಡ್ಡದ ಮೇಲೆ ಪ್ರಾರ್ಥನೆಯ ಮನೆಯೊಂದಿದೆ, ಅಲ್ಲಿ ಯಾರೂ ಯಾರೊಡನೆಯೂ ಮಾತಾಡುವಂತಿಲ್ಲ, ಸುಮ್ಮನೆ ಕೂತು ಬರುತ್ತೇನೆ ಎಂದು ಹೇಳಿದ್ದರು. ಬರುವಾಗ ಮುಖ ಅರಳಿರುತ್ತಿತ್ತು, ಹೆಜ್ಜೆ ಹಗುರಾಗಿರುತ್ತಿತ್ತು. ಮೌನಕ್ಕೆ ಇಷ್ಟೊಂದು ಶಕ್ತಿ ಇದೆಯೇ ಎಂದು ಅವಳು ಬೆರಗಾಗುತ್ತಿದ್ದಳು. ಅಯ್ಯನವರು ಈ ಡಬ್ಬಿಯ ವಿಷಯವನ್ನು ಪ್ರಸಂಗದಲ್ಲೂ ಹೇಳಿದರು. “ವಾರಕ್ಕೊಂದು ದಿನ ಫೋನಿಗೆ ಮುಚ್ಚಳ ಹಾಕಿ, ಮನಸ್ಸಿನ ಮುಚ್ಚಳ ತೆಗೆಯಿರಿ” ಎಂದರು. ಆ ವಾರ ಬೇಕರಿಯವನ ಬಿಸ್ಕತ್ತಿನ ಡಬ್ಬಿಗಳೆಲ್ಲ ಖಾಲಿಯಾದವು. ಬಿಸ್ಕತ್ತು ತಿಂದದ್ದಂತೂ ನಿಜ, ಫೋನು ಒಳಗೆ ಹೋಯಿತೋ ಇಲ್ಲವೋ ಯಾರಿಗೆ ಗೊತ್ತು.

ಮುಂಬಾಗಿಲು ಕಾಯುವ ಕೆಲಸ ಅವಳದಾಯಿತು. ಯಾರು ಬಂದರೂ ಒಂದೇ ಮಾತು: “ಅಯ್ಯನವರು ಮೌನದಲ್ಲಿದ್ದಾರೆ. ನಾಳೆ ಬನ್ನಿ.” ಬೇಡಿದರೂ ಅಷ್ಟೇ, ಬೈದರೂ ಅಷ್ಟೇ. ಚರ್ಚಿನಲ್ಲಿ ಸದಾ ಮೊದಲ ಬೆಂಚಿನಲ್ಲಿ ಕೂರುವ ಒಬ್ಬ ಹೆಂಗಸಿದ್ದಳು, ಎಲ್ಲರಿಗೂ ಮೊದಲ ಬೆಂಚಿನಕ್ಕ. ಒಂದು ಸೋಮವಾರ ಅವಳು ಓಡಿಬಂದು, “ಅಮ್ಮಾ, ನನ್ನ ತಮ್ಮ ಆಸ್ಪತ್ರೇಲಿದಾನೆ, ಅಯ್ಯನವರನ್ನ ನೋಡ್ಬೇಕು ಅಂತಿದಾನೆ. ಒಂದೇ ಒಂದು ಪ್ರಾರ್ಥನೆ ಮಾಡಿ ಬರಲಿ” ಎಂದು ಕೈ ಹಿಡಿದಳು. ಗುಡ್ಡದ ಮನೆಗೆ ಫೋನಿಲ್ಲ, ಅಯ್ಯನವರ ಫೋನು ಡಬ್ಬಿಯಲ್ಲಿ. ಕೊನೆಗೆ ಬೀಗದಮ್ಮನೇ ಆಸ್ಪತ್ರೆಗೆ ಓಡಿದಳು, ತನಗೆ ಬಂದಂತೆ ಪ್ರಾರ್ಥನೆ ಮಾಡಿದಳು. ಸಂಜೆಯೊಳಗೆ ತಮ್ಮ ಹೋಗಿಬಿಟ್ಟ. ಮೊದಲ ಬೆಂಚಿನಕ್ಕ ಅಂದಿನಿಂದ ಅವಳ ಮುಖ ನೋಡುವುದನ್ನು ಬಿಟ್ಟಳು. ಬೀಗದಮ್ಮ ಎಂಬ ಹೆಸರು ಮೊದಲು ಬಂದದ್ದು ಆ ಬಾಯಿಂದಲೇ. ಅಯ್ಯನವರು ಅದನ್ನು ಕೇಳಿ ಕೆಂಡವಾದರು. “ಯಾರು ಹಾಗಂದೋರು? ನೀನಿಲ್ದಿದ್ರೆ ನಾನು ಎಂದೋ ಮಣ್ಣಾಗ್ತಿದ್ದೆ” ಎಂದರು. ಆ ಒಂದು ಮಾತಿಗಾಗಿ ಅವಳು ಆ ಹೆಸರನ್ನೂ ಹೊಟ್ಟೆಗೆ ಹಾಕಿಕೊಂಡಳು.

ಈಗ ಇವಳು ಯಾರ ಮಗಳೆಂದು ಹೇಳಬೇಕು. ಪಕ್ಕದ ಊರಿನ ಹಳೆಯ ಟಾಕೀಸಿನಲ್ಲಿ ಸಿನಿಮಾ ಓಡಿಸುತ್ತಿದ್ದ ಆಪರೇಟರನ ಮಗಳು. ತಾಯಿ ಬೇಗ ತೀರಿಕೊಂಡದ್ದರಿಂದ ಅವಳು ಬೆಳೆದದ್ದೇ ಟಾಕೀಸಿನ ಮೇಲಿನ ಕ್ಯಾಬಿನ್ನಿನಲ್ಲಿ. ಬೆಂಕಿಯಂತೆ ಬಿಸಿಯಾಗುವ ಎರಡು ಯಂತ್ರ, ಗೋಡೆಯಲ್ಲಿ ಎರಡು ಸಣ್ಣ ಕಿಂಡಿ, ಒಂದು ಸ್ಟೂಲು. ಆಗ ಸಿನಿಮಾ ರೀಲುಗಳಲ್ಲಿ ಬರುತ್ತಿತ್ತು. ಒಂದು ಯಂತ್ರದ ರೀಲು ಮುಗಿಯುವ ಹೊತ್ತಿಗೆ ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಮಾಯವಾಗುತ್ತಿತ್ತು. ಅದು ಕಂಡರೆ ಇನ್ನೊಂದು ಯಂತ್ರ ಸುರು ಮಾಡಬೇಕು. ಮತ್ತೆ ಸ್ವಲ್ಪ ಹೊತ್ತಿಗೆ ಎರಡನೆಯ ಚುಕ್ಕೆ. ಅದು ಕಂಡ ಕೂಡಲೇ ಬೆಳಕನ್ನು ಇತ್ತಲಿಂದ ಅತ್ತ ಬದಲಿಸಬೇಕು. ಸರಿಯಾಗಿ ಬದಲಿಸಿದರೆ ಕೆಳಗೆ ಕೂತವರಿಗೆ ರೀಲು ಬದಲಾದದ್ದೇ ತಿಳಿಯುವುದಿಲ್ಲ. ತಪ್ಪಿದರೆ ಪರದೆ ಬೆಳ್ಳಗಾಗುತ್ತದೆ.

ಹುಡುಗಿ ಸ್ಟೂಲಿನ ಮೇಲೆ ನಿಂತು ಕಿಂಡಿಗೆ ಕಣ್ಣಿಟ್ಟಿರುತ್ತಿದ್ದಳು. “ಅಪ್ಪಾ, ಚುಕ್ಕೆ ಬಂತು!” ಎಂದು ಅವಳು ಕೂಗುವುದಕ್ಕೂ ಅಪ್ಪ ಕೈ ಹಾಕುವುದಕ್ಕೂ ಸರಿಹೋಗುತ್ತಿತ್ತು. ಅಪ್ಪನಿಗೆ ಆಗ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು, ಅವಳ ಕೂಗು ಬೇಕೇ ಆಗಿರಲಿಲ್ಲ. ಆದರೂ, “ನನ್ನ ಪುಟ್ಟಿ ಇಲ್ದಿದ್ರೆ ಆಟ ನಡೆಯಲ್ಲ” ಎನ್ನುತ್ತಿದ್ದ. ಅವಳು ಎಷ್ಟೋ ಸಿನಿಮಾಗಳ ಕಥೆ ಮರೆತಿದ್ದಾಳೆ. ಯಾವುದರಲ್ಲಿ ಚುಕ್ಕೆ ಯಾರ ಮುಖದ ಮೇಲೆ ಬರುತ್ತಿತ್ತು ಎಂಬುದು ಮಾತ್ರ ಇನ್ನೂ ನೆನಪಿದೆ. ಒಮ್ಮೆ, “ಅಪ್ಪಾ, ಜನ ಹೀರೋಗೆ ಚಪ್ಪಾಳೆ ಹೊಡೀತಾರೆ, ನಿಂಗ್ಯಾಕೆ ಹೊಡೆಯಲ್ಲ?” ಎಂದು ಕೇಳಿದ್ದಕ್ಕೆ ಅಪ್ಪ ನಕ್ಕು, “ಆಪರೇಟರಿಗೆ ಚಪ್ಪಾಳೆ ಅನ್ನೋದೇ ಇಲ್ಲ ಪುಟ್ಟಿ. ಇರೋದು ಶಿಳ್ಳೆ ಮಾತ್ರ, ಅದೂ ಪರದೆ ಬೆಳ್ಳಗಾದಾಗ. ನಂಗೆ ಇವತ್ತಿನವರೆಗೂ ಬಿದ್ದಿಲ್ಲ” ಎಂದಿದ್ದ.

ಅಂಥವಳಿಗೆ ಸಭಾಪಾಲಕರಾಗಲು ಓದುತ್ತಿದ್ದ ಹುಡುಗನ ಸಂಬಂಧ ಬಂತು. ಹುಡುಗನ ಕಡೆಯವರು ಮೂಗು ಮುರಿದರು: ಸಿನಿಮಾದವನ ಮಗಳೇ? ಹುಡುಗ ಒಪ್ಪಿದ. ಮದುವೆಗೆ ಮುಂಚೆ ಅವಳನ್ನು ಒಬ್ಬಳೇ ಕೂರಿಸಿಕೊಂಡು, “ನನ್ನ ಕೆಲಸ ಅಂಥದ್ದು. ನಾಲ್ಕು ಜನ ನಮ್ಮನ್ನ ನೋಡಿ ನಡೀತಾರೆ. ನಾನೂ ಸಿನಿಮಾ ಬಿಡ್ತೀನಿ, ನೀನೂ ಬಿಡು. ಇಬ್ರೂ ಒಟ್ಟಿಗೇ ಬಿಟ್ರೆ ಯಾರಿಗೂ ಭಾರ ಆಗಲ್ಲ” ಎಂದ. ಒಟ್ಟಿಗೇ ಎಂಬ ಆ ಮಾತು ಅವಳಿಗೆ ಎಷ್ಟು ಹಿಡಿಸಿತೆಂದರೆ ಹಿಂದುಮುಂದು ನೋಡದೆ ಹೂಂ ಅಂದಳು. ಅಪ್ಪನೂ, “ಗಂಡ ಮುಖ್ಯಾನಾ ಸಿನಿಮಾ ಮುಖ್ಯಾನಾ? ಹೋಗು” ಎಂದು ಕಳಿಸಿಕೊಟ್ಟ. ಅವಳು ಬಿಟ್ಟಳೆಂದರೆ ಬಿಟ್ಟಳು. ಬಸ್ಸಿನಲ್ಲಿ ಹೋಗುವಾಗ ಪೋಸ್ಟರು ಕಂಡರೆ ಮುಖ ಇತ್ತ ತಿರುಗಿಸುತ್ತಿದ್ದಳು. ಅಸಹ್ಯದಿಂದಲ್ಲ. ಆಸೆಯಾಗದಿರಲೆಂದು.

ಮುಂದೆ ಕಾಲ ಬದಲಾಯಿತು. ರೋಗಕ್ಕೆ ಹೆದರಿ ಚರ್ಚುಗಳೆಲ್ಲ ಬಾಗಿಲು ಹಾಕಿದ ದಿನಗಳು ಬಂದವು, ಆರಾಧನೆಯನ್ನು ಕ್ಯಾಮೆರಾದ ಮುಂದೆ ಮಾಡಿ ಮನೆಮನೆಗೆ ಕಳಿಸಬೇಕಾಯಿತು. ಸಭೆಯ ಹಿರಿಯರು ಯಂತ್ರವೇನೋ ತಂದರು, ಮುಟ್ಟಲು ಎಲ್ಲರಿಗೂ ಭಯ. ಬೀಗದಮ್ಮ ಮೇಲಿನ ಅಟ್ಟಕ್ಕೆ ಹತ್ತಿ ಕೂತಳು. ಕಿವಿಗೆ ಹೆಡ್‌ಫೋನು, ಮುಂದೆ ಗುಂಡಿಗಳ ಸಾಲು, ಗೋಡೆಯಲ್ಲಿ ಕೆಳಗೆ ನೋಡಲು ಒಂದು ಸಣ್ಣ ಕಿಂಡಿ. ಕೂತ ಕೂಡಲೇ ಅವಳ ಕಣ್ಣು ತುಂಬಿ ಬಂತು. ಏನಮ್ಮಾ ಎಂದು ಕೇಳಿದವರಿಗೆ ಧೂಳು ಎಂದಳು. ಚರ್ಚು ತೆರೆದ ಮೇಲೂ ಆ ಕೆಲಸ ಅವಳಿಗೇ ಉಳಿಯಿತು. ಮೈಕು ಕೈಕೊಟ್ಟರೆ ಅಯ್ಯನವರು ವೇದಿಕೆಯಿಂದಲೇ, “ಮೇಲಿರುವವರು ನೋಡಿಕೊಳ್ಳುತ್ತಾರೆ” ಎನ್ನುತ್ತಿದ್ದರು, ದೇವರನ್ನೋ ಹೆಂಡತಿಯನ್ನೋ ತಿಳಿಯದೆ ಸಭೆ ನಗುತ್ತಿತ್ತು. ದಿನ ಕಳೆದಂತೆ ಅಯ್ಯನವರಿಗೆ ಮೇಲೆ ಒಂದು ಯಂತ್ರವಿದೆ ಎಂಬುದಷ್ಟೇ ನೆನಪಿನಲ್ಲಿ ಉಳಿಯಿತು.

ಹೀಗಿರುವಾಗ ಅಪ್ಪನ ಫೋನು ಬಂತು. ಟಾಕೀಸನ್ನು ಕೆಡವುತ್ತಿದ್ದಾರೆ. ರೀಲುಗಳು ಹೋಗಿ ಹೊಸ ಯಂತ್ರ ಬಂದಾಗಲೇ ಅಪ್ಪನ ಕೆಲಸ ಮುಗಿದಿತ್ತು, ಅವಳ ಅಣ್ಣನ ಮನೆಯ ಮೂಲೆಯ ಕುರ್ಚಿ ಅವನ ಪಾಲಿಗೆ ಬಂದಿತ್ತು. ಈಗ ಮಾಲೀಕರಿಗೆ ಅದೇನು ಹೊಳೆಯಿತೋ, ಕೊನೆಯ ಆಟವನ್ನು ಹಳೆಯ ಯಂತ್ರದಲ್ಲೇ, ಹಳೆಯ ರೀಲಿನಲ್ಲೇ, ಹಳೆಯ ಆಪರೇಟರನೇ ಓಡಿಸಬೇಕೆಂದು ಕರೆ ಕಳಿಸಿದ್ದರು.

“ಕೈ ಎಲ್ಲಾ ನೆನಪಿಟ್ಕೊಂಡಿದೆ ಪುಟ್ಟಿ. ಕಣ್ಣು ಮಾತ್ರ ಇಲ್ಲ” ಎಂದ ಅಪ್ಪ. ಅವನ ಎರಡು ಕಣ್ಣಿಗೂ ಮಂಜು ಕವಿದಿತ್ತು. “ಹತ್ತಿರದ್ದು ತಡವಿ ಮಾಡ್ತೀನಿ. ದೂರದ ಚುಕ್ಕೆ ಕಾಣಲ್ಲ. ನೀನು ಬಂದು ಕಿಂಡೀಲಿ ನೋಡಿ ಹೇಳ್ತೀಯಾ? ಸಿನಿಮಾ ನೋಡ್ಬೇಡ. ಚುಕ್ಕೆ ಮಾತ್ರ ನೋಡು.”

“ಯಾವತ್ತಪ್ಪಾ?”

“ಸೋಮವಾರ. ಮ್ಯಾಟ್ನಿ.”

ಅವಳು ಅಂದು ಸಂಜೆ ಗಂಡನ ಮುಂದೆ ಚಹಾ ಇಟ್ಟು ವಿಷಯ ತೆಗೆದಳು. ಅಯ್ಯನವರು ಸ್ವಲ್ಪ ಹೊತ್ತು ಲೋಟ ನೋಡುತ್ತಾ ಕೂತರು. ಆಮೇಲೆ ಮೆಲ್ಲಗೆ, “ನಿನ್ನಿಷ್ಟ. ನಾನು ಬೇಡ ಅನ್ನಲ್ಲ. ಆದ್ರೆ ಸೋಮವಾರ ಬಾಗಿಲು ನೋಡ್ಕೊಳ್ಳೋರು ಯಾರು? ಮತ್ತೆ... ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದೀವಿ. ಅಮ್ಮನವರು ಟಾಕೀಸಿಂದ ಇಳಿದು ಬಂದ್ರು ಅಂತ ಯಾರಾದ್ರೂ ನೋಡಿದ್ರೆ?” ಎಂದರು.

“ಕ್ಯಾಬಿನ್ನಲ್ಲಿರ್ತೀನಿ ರೀ. ಯಾರು ನೋಡ್ತಾರೆ?”

“ದೇವರು ನೋಡಲ್ವಾ?”

ದೇವರನ್ನು ನಡುವೆ ತಂದ ಮೇಲೆ ಅವಳು ಏನು ಹೇಳಿಯಾಳು? ಅಪ್ಪನಿಗೆ ಫೋನು ಮಾಡಿ ಆಗುವುದಿಲ್ಲ ಎಂದಳು. ಅಪ್ಪ, “ಅಯ್ಯೋ, ಅದಕ್ಯಾಕೆ ಅಳ್ತೀಯ? ನಾನೇ ಹೇಗೋ ಲೆಕ್ಕ ಹಾಕಿ ಮಾಡ್ತೀನಿ” ಎಂದು ಅವಳನ್ನೇ ಸಮಾಧಾನ ಮಾಡಿದ. ಆ ಸೋಮವಾರ ಅಯ್ಯನವರು ಎಂದಿನಂತೆ ಡಬ್ಬಿ ಕೊಟ್ಟು, ಕೊಡೆ ಹಿಡಿದು ಹೊರಟರು. ಅವಳು ಎಂದಿನಂತೆ ಬಾಗಿಲು ಕಾದಳು. ಮಧ್ಯಾಹ್ನ ಗಡಿಯಾರದ ಕಡೆ ನೋಡುತ್ತಾ ಈಗ ಮೊದಲ ರೀಲು, ಈಗ ಎರಡನೆಯದು ಎಂದುಕೊಳ್ಳುತ್ತಾ ಒಂದೇ ಪಾತ್ರೆಯನ್ನು ತಿಕ್ಕಿದ್ದೇ ತಿಕ್ಕಿದ್ದು.

ಮರುದಿನ ಅಪ್ಪನೇ ಫೋನಿನಲ್ಲಿ ಮಾತಾಡಿದ. ದನಿ ಒಡೆದಿತ್ತು. “ಪರದೆ ಬೆಳ್ಳಗಾಯ್ತು ಪುಟ್ಟಿ. ಒಂದು ಸಲ. ಎರಡನೇ ಚುಕ್ಕೆ ತಪ್ಪಿಹೋಯ್ತು. ಜನ ಪಾಪ ಸುಮ್ನೇ ಇದ್ರು, ನನ್ನ ವಯಸ್ಸು ನೋಡಿ. ಬಾಲ್ಕನಿಯಿಂದ ಒಬ್ಬ ಮಾತ್ರ ಜೋರಾಗಿ ಶಿಳ್ಳೆ ಹೊಡೆದ. ಆಮೇಲೆ ಎಲ್ಲರೂ ಹೊಡೆದ್ರು.” ತಪ್ಪು ತನ್ನದು, ಬೇರೆ ಯಾರದೂ ಅಲ್ಲ ಎಂದು ತನ್ನನ್ನೇ ಹಳಿದುಕೊಂಡಳು. ಹೋಗಿ ಅಪ್ಪನಿಗೆ ಮುಖ ತೋರಿಸುವ ಧೈರ್ಯವೂ ಬರಲಿಲ್ಲ.

ಮುಂದಿನ ತಿಂಗಳು ಅವರ ಚರ್ಚಿನಲ್ಲೇ ಸುತ್ತಲಿನ ಊರುಗಳ ಸಭಾಪಾಲಕರ ಕೂಟ ನಡೆಯಿತು. ವಿಷಯ: ವಿಶ್ರಾಂತಿ. ದಣಿದವರನ್ನೆಲ್ಲ ದೂರದಿಂದ ಬಸ್ಸು ಹತ್ತಿಸಿ ತಂದು, ಬೆಳಗಿನಿಂದ ಸಂಜೆಯವರೆಗೆ ಗಟ್ಟಿ ಬೆಂಚಿನ ಮೇಲೆ ಕೂರಿಸಿ ವಿಶ್ರಾಂತಿಯ ಬಗ್ಗೆ ಭಾಷಣ ಕೇಳಿಸುವ ಏರ್ಪಾಡು. ಬರಲಾಗದವರಿಗೆ ಫೋನಿನಲ್ಲೇ ನೋಡುವ ಅನುಕೂಲವಿತ್ತು. ಯಂತ್ರ ನೋಡಿಕೊಳ್ಳಲು ಕೂಟದವರು ತಮ್ಮದೇ ಜನ ತರುತ್ತಾರೆಂದು ಮೊದಲೇ ಹೇಳಿದ್ದರು. ಆದರೆ ಆ ಮನುಷ್ಯ ಬರಲೇ ಇಲ್ಲ. ಕೂಟ ನಡೆಸುತ್ತಿದ್ದ ಎಳೆಯ ಪಾಲಕ, ಹಿಂದಿನ ಕೋಣೆಯಲ್ಲಿ ಚಹಾದ ಲೋಟ ಜೋಡಿಸುತ್ತಿದ್ದ ಅವಳ ಬಳಿ ಓಡಿಬಂದು, “ಅಮ್ಮಾ, ದಯವಿಟ್ಟು ನೀವೇ ಕಾಪಾಡ್ಬೇಕು” ಎಂದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹಿಂದಿನ ಮೆಟ್ಟಿಲಿನಿಂದ ಅಟ್ಟ ಹತ್ತಿದಳು. ಅಯ್ಯನವರು ಆಗಲೇ ವೇದಿಕೆಯ ಮೇಲೆ ಕೂತಿದ್ದರು. ಅವರು ನೋಡಲಿಲ್ಲ.

ಎಳೆಯ ಪಾಲಕ ಮೈಕು ಹಿಡಿದ. “ಇಲ್ಲಿ ಹೊರಗಿನವರು ಯಾರೂ ಇಲ್ಲ. ಇಲ್ಲಿ ಆಡಿದ್ದು ಇಲ್ಲೇ ಇರುತ್ತೆ. ಮನಸ್ಸು ಬಿಚ್ಚಿ ಹೇಳಿ. ಫೋನು ಎಷ್ಟು ಹೊತ್ತು ನೋಡ್ತೀರಿ? ಸಿನಿಮಾ ನೋಡ್ತೀರಾ? ನಿದ್ದೆ ಮಾಡ್ತೀರಾ?” ಎಂದ. ಒಬ್ಬರು ತಾವು ಫೋನಿನಲ್ಲಿ ಬೈಬಲಿನ ಪಾಠ ಬಿಟ್ಟು ಬೇರೇನೂ ನೋಡುವುದಿಲ್ಲ ಎಂದರು. ಇನ್ನೊಬ್ಬರು ತಮಗೆ ಪ್ರಾರ್ಥನೆಯೇ ನಿದ್ದೆ ಎಂದರು, ಆ ಮಾತಿನಲ್ಲಿ ಸುಳ್ಳಿಲ್ಲ ಎಂದು ಅವರ ಪಕ್ಕದವರು ಪಿಸುಗುಟ್ಟಿದ್ದು ಮೈಕಿಗೆ ಕೇಳಿಸಿತು. ಮೇಲೆ ಬೀಗದಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಆಗ ಅಯ್ಯನವರು ಮೈಕು ತೆಗೆದುಕೊಂಡರು. ಎಲ್ಲರಿಗಿಂತ ಹಿರಿಯರು ಅವರೇ. ಅವಳು ಕ್ಯಾಮೆರಾವನ್ನು ಅವರ ಮುಖಕ್ಕೆ ಹತ್ತಿರ ತಂದಳು. ವೇದಿಕೆಯ ಹಿಂದಿನ ದೊಡ್ಡ ಪರದೆಯ ಮೇಲೆ ಆ ಮುಖ ಮೂಡಿತು.

“ನಿಜ ಹೇಳ್ಲಾ? ನಾನು ಪ್ರತಿ ಸೋಮವಾರ ಸಿನಿಮಾಕ್ಕೆ ಹೋಗ್ತೀನಿ.”

ಹೆಡ್‌ಫೋನು ಕೆಟ್ಟಿದೆ ಎಂದುಕೊಂಡಳು ಅವಳು. ಕೆಳಗೆ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಅಯ್ಯನವರ ಮುಖ ಅರಳಿತು, ಸೋಮವಾರ ಸಂಜೆ ಅರಳುತ್ತಿದ್ದ ಹಾಗೆಯೇ.

“ಎಷ್ಟು ದಿನದಿಂದ ಅಯ್ಯಾ?”

“ಮೌನದ ದಿನ ಸುರುವಾದಾಗಿಂದ್ಲೂ. ಗುಡ್ಡದ ಮನೆಗೆ ಒಂದೆರಡು ಸಲ ಹೋದೆ, ಕೂತ್ಕೊಂಡ್ರೆ ಸಭೆಯವರ ಜಗಳವೇ ತಲೇಲಿ ತಿರುಗ್ತಿತ್ತು. ಕತ್ತಲೇಲಿ ಕೂತು ಬೇರೆಯವರ ಕಷ್ಟ ನೋಡಿದ್ರೆ ನನ್ನದು ಮರೆತುಹೋಗುತ್ತೆ. ನಂಗೆ ಅದೇ ವಿಶ್ರಾಂತಿ.”

“ಅಮ್ಮನವರಿಗೆ ಗೊತ್ತಾ?”

“ಅಯ್ಯಪ್ಪಾ! ಅವಳಿಗೆ ಸಿನಿಮಾ ಅಂದ್ರೆ ಮೈಯೆಲ್ಲಾ ಉರಿಯುತ್ತೆ. ಪೋಸ್ಟರ್ ಕಂಡ್ರೆ ಮುಖ ತಿರುಗಿಸ್ತಾಳೆ. ಗೊತ್ತಾದ್ರೆ ಮನೆಗೇ ಸೇರಿಸಲ್ಲ. ನಮ್ಮನೆ ಬೀಗದಮ್ಮ ಅಂದ್ರೆ ಸುಮ್ನೇನಾ?”

ನಗೆ ಹಾಲು ಉಕ್ಕಿದ ಹಾಗೆ ಉಕ್ಕಿತು. ಸಿನಿಮಾ ನೋಡಿದ್ದು ಪಾಪವೆಂದು ಮೇಲೆ ಕೂತವಳಿಗೆ ಅನ್ನಿಸಲೇ ಇಲ್ಲ, ಆಪರೇಟರನ ಮಗಳಿಗೆ ಹಾಗನ್ನಿಸುವುದಾದರೂ ಹೇಗೆ? ಒಟ್ಟಿಗೇ ಬಿಡೋಣ ಎಂದವನು ಒಬ್ಬನೇ ಹೋಗಿದ್ದ. ಇವಳು ಅವನಿಗಾಗಿ ಬಿಟ್ಟದ್ದನ್ನು ಇವಳ ಸಿಡುಕೆಂದು ಊರ ಮುಂದೆ ಹಾಡುತ್ತಿದ್ದ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂದು ಕೇಳಿದ್ದಳು. ತಿಂದು, ತೊಟ್ಟನ್ನು ಹೆಂಡತಿಯ ತಟ್ಟೆಗೆ ಹಾಕುವವರನ್ನು ಈಗ ಕಂಡಳು.

ಅಷ್ಟಕ್ಕೇ ನಿಂತಿದ್ದರೆ ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ಚಪ್ಪಾಳೆಯ ರುಚಿ ಹತ್ತಿದ ಬಾಯಿ ನಿಲ್ಲುವುದಿಲ್ಲ.

“ಹೋದ ತಿಂಗಳು ಒಂದು ಹಳೇ ಟಾಕೀಸಲ್ಲಿ ಕೊನೇ ಆಟ” ಎಂದು ಅಯ್ಯನವರು ಮುಂದುವರಿಸಿದರು. “ರೀಲಿನ ಸಿನಿಮಾ! ಬಿಡೋಕಾಗುತ್ತಾ? ಬಾಲ್ಕನೀಲಿ ಟೋಪಿ ಹಾಕ್ಕೊಂಡು ಕೂತಿದ್ದೆ. ನಡುವೆ ಪರದೆ ಬೆಳ್ಳಗಾಗಿಬಿಡ್ತು. ಆಪರೇಟರು ಯಾರೋ ವಯಸ್ಸಾದವರು, ಪಾಪ, ತಡಕಾಡ್ತಿದ್ರು. ನಂಗೇನಾಯ್ತೋ ಏನೋ, ಓದ್ತಿದ್ದ ದಿನಗಳು ನೆನಪಾಗಿ, ಎರಡು ಬೆರಳು ಬಾಯಿಗಿಟ್ಟು ಹೀಗೆ...”

ಎಂದು ಅಯ್ಯನವರು ನಿಜವಾಗಿಯೂ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದು ತೋರಿಸಿದರು. ಅದು ಮೈಕಿನಿಂದ ಹೊರಟು, ನೇರವಾಗಿ ಅವಳ ಎರಡೂ ಕಿವಿಗೆ ನುಗ್ಗಿತು. ಅಪ್ಪ ಕ್ಯಾಬಿನ್ನಿನಲ್ಲಿ ಕೇಳಿದ ಶಿಳ್ಳೆ ಅದೇ.

ಯಾರೋ ವಯಸ್ಸಾದವರು. ಅವಳು ಆ ಮಾತನ್ನು ಮತ್ತೆ ಮತ್ತೆ ಕೇಳಿಸಿಕೊಂಡಳು, ಯಂತ್ರದಲ್ಲಿ ಅಲ್ಲ, ತಲೆಯೊಳಗೆ. ಅಂದು ಲೋಟ ನೋಡುತ್ತಾ ಕೂತದ್ದು ಏಕೆಂದು ಈಗ ತಿಳಿಯಿತು. ಹೆಂಡತಿ ಟಾಕೀಸಿಗೆ ಬಂದರೆ ಯಾರಾದರೂ ನೋಡಿಯಾರೆಂದು ಹೆದರಿದ್ದಲ್ಲ. ಹೆಂಡತಿಯೇ ತನ್ನನ್ನು ನೋಡಿಬಿಟ್ಟಾಳೆಂದು ಹೆದರಿದ್ದು. ಅದಕ್ಕೆ ದೇವರನ್ನು ಅಡ್ಡ ಇಟ್ಟದ್ದು.

ಮುಂದೆ ಒಂದು ಗೀತೆಯ ಸಾಲು ಪರದೆಗೆ ಬರಬೇಕಿತ್ತು. ಅವಳ ಬೆರಳು ಗುಂಡಿಯ ಮೇಲೆ ಇತ್ತು. ಅದು ಕ್ಯಾಮೆರಾದ ಚಿತ್ರವನ್ನು ತೆಗೆಯಿತು, ಗೀತೆಯನ್ನು ಹಾಕಲಿಲ್ಲ. ದೊಡ್ಡ ಪರದೆ ಬೆಳ್ಳಗಾಯಿತು.

“ನೋಡಿ, ನೋಡಿ, ಹೀಗೇ ಆಗಿತ್ತು!” ಎಂದು ಅಯ್ಯನವರು ಗಹಗಹಿಸಿ ನಕ್ಕರು. ಕೆಳಗಿನಿಂದ ಯಾರೋ ತಮಾಷೆಗೆ ಶಿಳ್ಳೆ ಹಾಕಿದರು. “ಮೇಲಿನವರೇ, ಚುಕ್ಕೆ ತಪ್ಪಿತಾ?” ಎನ್ನುತ್ತಾ ಅವರು ಕಿಂಡಿಯತ್ತ ತಲೆಯೆತ್ತಿದರು. ಕಿಂಡಿಯಲ್ಲಿ ಹೆಂಡತಿಯ ಮುಖವಿತ್ತು. ಅವರ ನಗು ಬಾಯಲ್ಲೇ ಉಳಿಯಿತು, ಕಣ್ಣಿನಿಂದ ಹೋಯಿತು. ಚುಕ್ಕೆ ಎಂಬ ಮಾತನ್ನು ಅವರಿಗೆ ಕಲಿಸಿದವಳು ಅವಳೇ, ಮದುವೆಯಾದ ಹೊಸದರಲ್ಲಿ.

ಅವಳು ಹೆಡ್‌ಫೋನು ತೆಗೆದಿಟ್ಟು, ಮೆಟ್ಟಿಲಿಳಿದು, ಲೋಟಗಳಿಗೆ ಚಹಾ ಸುರಿದಳು. ಒಂದು ಲೋಟವೂ ಚೆಲ್ಲಲಿಲ್ಲ.

ಸಂಜೆ ಅಯ್ಯನವರು ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. “ಹೇಳ್ಬೇಕು ಅಂತಲೇ ಇದ್ದೆ” ಎಂದರು.

“ಹೇಳಿದ್ರಲ್ಲ. ಎಲ್ಲಾ ಊರಿನವರಿಗೂ.”

“ನೀನು ಅಷ್ಟು ನಿಷ್ಠೆಯಿಂದ ಬಿಟ್ಟಿದ್ದೆ. ನಿನ್ನ ಮುಂದೆ ಸಣ್ಣವನಾಗೋಕೆ ಮನಸ್ಸಾಗ್ಲಿಲ್ಲ. ನೀನೂ ಒಂದು ಸಲ ಆಸೆ ಅಂದಿದ್ರೆ...”

“ಓಹೋ. ನನ್ನ ನಿಷ್ಠೇದೇ ತಪ್ಪು ಅನ್ನಿ.”

“ತಪ್ಪು ನಂದೇ. ಒಪ್ಕೋತೀನಿ. ಇನ್ನು ಮೇಲೆ ಇಬ್ರೂ ಒಟ್ಟಿಗೇ ಹೋಗೋಣ, ಆಯ್ತಾ? ಮುಂದಿನ ಸೋಮವಾರಾನೇ.”

ಒಟ್ಟಿಗೇ. ಅದೇ ಮಾತು. ಅವಳಿಗೆ ಒಮ್ಮೆಲೇ ನಗುವೂ ಅಳುವೂ ಬಂದವು. “ಸಿನಿಮಾ ಹೋಗ್ಲಿ ರೀ” ಎಂದಳು. “ಸುಳ್ಳು ಹೇಳಿದ್ದೂ ಹೋಗ್ಲಿ. ಬೀಗದಮ್ಮ ಅಂದದ್ದೂ ಹೋಗ್ಲಿ. ಮೊದಲ ಬೆಂಚಿನಕ್ಕನ ತಮ್ಮ ಸಾಯೋವಾಗ ನೀವೆಲ್ಲಿದ್ರಿ ಅಂತಲೂ ಕೇಳಲ್ಲ. ಮೇಲೆ ಕ್ಯಾಬಿನ್ನಲ್ಲಿ ಇರೋದು ಯಾರು ಅಂತ ನಿಮಗೆ ಗೊತ್ತಿತ್ತಲ್ವಾ? ಗೊತ್ತಿದ್ದೂ ಯಾರೋ ಅಂದ್ರಲ್ಲ. ಅದನ್ನ ಎಲ್ಲಿಡಲಿ?”

ಅಯ್ಯನವರು ಬಾಯಿ ತೆರೆದರು. ಎಷ್ಟೋ ಸಾವಿನ ಮನೆಗಳಲ್ಲಿ ಮಾತು ಹುಡುಕಿ ಕೊಟ್ಟ ಬಾಯಿ ಅದು. “ಮಾವನವರಿಗೆ ಹೇಳ್ಬೇಡ” ಎಂದರು. ಅದನ್ನು ಕೇಳಿದ ಮೇಲೆ ಅವಳು ಎದ್ದು ಅಡುಗೆಮನೆಗೆ ಹೋದಳು.

ಸೋಮವಾರ ಬಂತು. ಅಯ್ಯನವರು ಕೊಡೆ ಮುಟ್ಟಲಿಲ್ಲ. ಡಬ್ಬಿಯನ್ನು ಅವಳೇ ತೆಗೆದು, ಫೋನನ್ನು ಅವರ ಮುಂದೆ ಇಟ್ಟಳು. ಸೀರೆ ಬದಲಿಸಿ, ಚಪ್ಪಲಿ ಮೆಟ್ಟಿ ಮುಂಬಾಗಿಲು ತೆರೆದರೆ ಎದುರಿಗೆ ಮೊದಲ ಬೆಂಚಿನಕ್ಕ, ನೆಲ ನೋಡುತ್ತಾ ನಿಂತಿದ್ದಾಳೆ.

“ಅಯ್ಯನವರು ಮೌನದಲ್ಲಿದಾರೇನೋ. ನಾಳೆ ಬರ್ತೀನಿ” ಎಂದಳು ಕೊಂಕಾಗಿ. ಕೂಟದಲ್ಲಿ ಆಡಿದ ಮಾತು ಅವಳ ಕಿವಿಗೂ ಬಿದ್ದಿತ್ತು.

“ಇಲ್ಲಕ್ಕಾ, ಒಳಗೇ ಇದಾರೆ. ಹೋಗಿ. ಕೇಳೋದೆಲ್ಲಾ ಕೇಳಿ.” ಅವಳು ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲಕ್ಕೆ ತಳ್ಳಿ, ಹಾಗೆಯೇ ಬಿಟ್ಟು ಬಸ್ಸಿಗೆ ನಡೆದಳು.

ಬಸ್ಸು ಹಳೆಯ ಟಾಕೀಸಿನ ಮುಂದೆಯೇ ಹೋಗುತ್ತದೆ. ಈ ಸಲ ಅವಳು ಮುಖ ತಿರುಗಿಸಲಿಲ್ಲ. ತಿರುಗಿಸಲು ಅಲ್ಲಿ ಏನೂ ಉಳಿದಿರಲಿಲ್ಲ, ಇಟ್ಟಿಗೆಯ ರಾಶಿ, ಅದರ ಆಚೆ ಆಕಾಶ.

ಅಪ್ಪ ಮೂಲೆಯ ಕುರ್ಚಿಯಲ್ಲಿದ್ದ. ಹೆಜ್ಜೆಯ ಸದ್ದಿಗೇ, “ಪುಟ್ಟಿ?” ಎಂದು ಕೈ ಚಾಚಿದ. ಅವಳು ಕಾಲ ಬಳಿ ಕೂತು ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು. ಎಲ್ಲವನ್ನೂ ಹೇಳಿಬಿಡಬೇಕೆಂದೇ ಬಂದಿದ್ದಳು. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೂ ಇದ್ದಳು.

“ಅಯ್ಯೋ, ಇನ್ನೂ ಅದನ್ನೇ ಹಿಡ್ಕೊಂಡು ಅಳ್ತಿದೀಯಾ?” ಎಂದ ಅಪ್ಪ. “ನಾನು ಮರೆತೇಬಿಟ್ಟೆ ಕಣೇ. ಮೊದಮೊದಲು ರಾತ್ರಿ ಎಲ್ಲಾ ಆ ಶಿಳ್ಳೆಯೇ ಕಿವೀಲಿ. ಆಮೇಲೆ ಯೋಚಿಸ್ದೆ. ಹೊಡೆದವನು ಯಾರೋ, ಎಲ್ಲಿಯವನೋ. ಮೇಲೆ ಕೂತಿರೋನು ಕುರುಡ, ಮಗಳ ದಾರಿ ನೋಡ್ತಿದಾನೆ ಅಂತ ಅವನಿಗೇನು ಗೊತ್ತು? ಗೊತ್ತಿದ್ರೆ ಹೊಡೀತಿದ್ನಾ? ಮನುಷ್ಯರು ಅಷ್ಟು ಕೆಟ್ಟವರಲ್ಲ ಪುಟ್ಟಿ.” ಅವಳ ತಲೆ ಸವರುತ್ತಾ ಕೇಳಿದ, “ಅಳಿಯಂದಿರು ಹೇಗಿದಾರೆ? ನಿನ್ನನ್ನ ಟಾಕೀಸಿಗೆ ಕರೆದೆ ಅಂತ ನನ್ನ ಮೇಲೆ ಬೇಜಾರಿಲ್ಲ ತಾನೇ?”

ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಅವಳ ನಾಲಿಗೆಯ ತುದಿಗೆ ಬಂದು ನಿಂತವು. ಅಪ್ಪನ ಮಂಜು ಕವಿದ ಕಣ್ಣು ಅವಳ ಕಡೆಗೆ, ಸ್ವಲ್ಪ ತಪ್ಪಿದ ದಿಕ್ಕಿಗೆ, ನಗುತ್ತಿತ್ತು. ಇಷ್ಟು ವರ್ಷ ಗಂಡನಿಗಾಗಿ ಬಾಗಿಲು ಕಾದಿದ್ದಳು. ಇನ್ನೊಂದೇ ಸಲ ಕಾದಳು, ಗಂಡನಿಗಾಗಿ ಅಲ್ಲ.

“ಬೇಜಾರಿಲ್ಲಪ್ಪಾ” ಎಂದಳು. “ನೀನು ಹೇಳಿದ್ದೇ ಸರಿ. ಯಾರೋ.”